ಆರನೇ ಹಲಗೆ

ಮೆಟ್ಟಿಲ ಕೆಳಗಿನ ಆ ಅಂಗಡಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಹದಿನೇಳು ವರ್ಷದಿಂದ ಅಲ್ಲಿ ಮೊಬೈಲು, ರೇಡಿಯೊ, ಆಟದ ಯಂತ್ರ ರಿಪೇರಿ ಮಾಡುವ ಹೆಂಗಸನ್ನು ಬೀದಿಯವರೆಲ್ಲ ಡಾಕ್ಟ್ರಮ್ಮ ಅನ್ನುತ್ತಾರೆ. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಅಯಸ್ಕಾಂತದ ಹಾಳೆಯ ಮೇಲೆ ಸಾಲಾಗಿ ಇಡುತ್ತಾಳೆ. ಸತ್ತ ಬೋರ್ಡನ್ನು ಸತ್ತಿದೆ ಅಂತಲೇ ಹೇಳುತ್ತಾಳೆ, ಗಿರಾಕಿ ಕಣ್ಣೀರು ಹಾಕಿದರೂ ಸರಿ. ಈ ಎರಡನೇ ಪದ್ಧತಿಯನ್ನು ಅವಳು ಮುರಿದದ್ದು ಒಂದೇ ಸಲ, ಅದೂ ಒಡಹುಟ್ಟಿದ ಅಣ್ಣನಿಗಾಗಿ.

ಅಣ್ಣ ಕಬ್ಬಿಣದ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವನು. ನಾಲ್ಕು ಟನ್ನಿನ ಕಂಬಿ ಕಟ್ಟನ್ನು ಮೊಟ್ಟೆ ಇಟ್ಟ ಹಾಗೆ ಇಳಿಸುತ್ತಾನೆ ಅಂತ ಹೆಸರಿತ್ತು. ಏಳು ತಿಂಗಳ ಹಿಂದೆ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ ಬ್ರಷ್ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದ. ಬಲಗೈ ಮಾತು ಕೇಳಲಿಲ್ಲ. ಸಣ್ಣ ಪಾರ್ಶ್ವವಾಯು ಅಂದರು ಆಸ್ಪತ್ರೆಯಲ್ಲಿ. ನಡಿಗೆ, ಮಾತು ಬೇಗ ಮರಳಿದವು. ಕೈಯೂ ಮುಕ್ಕಾಲು ಪಾಲು ಮರಳಿತು. ಉಳಿದ ಕಾಲು ಪಾಲಿಗೆ ಬೆರಳುಗಳ ವ್ಯಾಯಾಮ ಮಾಡಿ ಅಂತ ರಬ್ಬರ್ ಚೆಂಡೊಂದನ್ನು ಕೊಟ್ಟಿದ್ದರು. ಅದನ್ನು ಅವನು ಕಿಟಕಿಯಾಚೆ ಎಸೆದಿದ್ದ.

ಹಾಗಾಗಿ ತಂಗಿ ಅಂಗೈಯಗಲದ ಆಟದ ಯಂತ್ರ ತರಿಸಿದಳು. ಹಳೇ ಯಂತ್ರಗಳ ವೇಷ ಹಾಕಿ ಹಳೇ ಆಟಗಳನ್ನು ಆಡಿಸುವ ಎಮ್ಯುಲೇಟರ್ ಅದರಲ್ಲಿತ್ತು. ಚಿಕ್ಕಂದಿನಲ್ಲಿ ಇಬ್ಬರೂ ಟಿವಿಗೆ ಅಂಟಿಕೊಂಡು ಆಡುತ್ತಿದ್ದ ಅಳಿಲಿನ ಆಟವನ್ನು ಅದಕ್ಕೆ ತುಂಬಿಸಿದಳು. ಮೂರನೇ ಹಂತದಲ್ಲಿ ಮುರುಕು ಸೇತುವೆ, ಏಳು ಹಲಗೆ. ಆರನೆಯದು ಕಾಲಿಟ್ಟ ಕೂಡಲೇ ಅಲುಗಿ, ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಅಲುಗುವುದಕ್ಕೂ ಬೀಳುವುದಕ್ಕೂ ನಡುವೆ ಜಿಗಿಯಬೇಕು. ಅಣ್ಣ ಅದನ್ನು ಹಿಂದೆ ಮಾತಾಡುತ್ತಲೇ ದಾಟುತ್ತಿದ್ದ.

ಈಗ ಅಳಿಲು ಬಿತ್ತು. ಮತ್ತೆ ಬಿತ್ತು. ಇಪ್ಪತ್ತು ಸಲ ಬಿತ್ತು.

"ಎಂಥ ಡಬ್ಬ ತಂದಿದ್ದೀಯೇ ಇದು? ನಾನು ಒತ್ತಿ, ಮುಖ ತೊಳ್ಕೊಂಡು ಬಂದ ಮೇಲೆ ಜಿಗಿಯುತ್ತೆ ನಿನ್ನ ಅಳಿಲು."

ಅವಳೂ ಆಡಿ ನೋಡಿದಳು. ಅವಳದೂ ಬಿತ್ತು. ಎದೆ ಹಗುರಾಯಿತು: ಯಂತ್ರವೇ ನಿಧಾನ.

ಅಂದಿನಿಂದ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾಗುವ ಹೊತ್ತಿಗೆ ಅಣ್ಣ ಬಂದು ಸ್ಟೂಲಿನ ಮೇಲೆ ಕೂರುವುದು, ತಂಗಿ ಯಂತ್ರದ ಹಿಂದೆ ಬೀಳುವುದು ನಡೆಯಿತು. ಹಳೇ ಟಿವಿಯ ಗೆರೆಗಳಂತೆ ಕಾಣಲೆಂದು ಚಿತ್ರದ ಮೇಲೆ ಹೊದಿಸಿದ್ದ ಮುಸುಕನ್ನು ಅವಳು ತೆಗೆದಳು. ಭಾರದ ಎಮ್ಯುಲೇಟರ್ ಕಿತ್ತು ಹಗುರಾದದ್ದನ್ನು ಹಾಕಿದಳು. ವೈಫೈ ಆರಿಸಿದಳು. ಬಿಸಿಯಾದಾಗ ವೇಗ ಇಳಿಸುತ್ತಿದ್ದ ಪ್ರೊಸೆಸರಿಗೆ ಶಾಖ ಎಳೆಯುವ ಹೊಸ ಪೇಸ್ಟ್ ಹಚ್ಚಿದಳು. ಗುಂಡಿಯ ಕೆಳಗಿನ ರಬ್ಬರ್ ಬದಲಿಸಿದಳು. ಪ್ರತಿ ಬದಲಾವಣೆ ಆದ ಮೇಲೂ ಫೋನಿನ ಕ್ಯಾಮೆರಾದಲ್ಲಿ ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ಹಿಡಿದು, ಹೆಬ್ಬೆರಳು ಗುಂಡಿ ಒತ್ತಿದ ಮೇಲೆ ಎಷ್ಟನೇ ಚಿತ್ರಕ್ಕೆ ಅಳಿಲು ಕಾಲೆತ್ತುತ್ತದೆ ಅಂತ ಒಂದೊಂದಾಗಿ ಎಣಿಸಿದಳು. ಮೊದಲು ಮೂವತ್ತಾರು ಇತ್ತು. ಹನ್ನೊಂದನೇ ದಿನಕ್ಕೆ ಹದಿನಾಲ್ಕಕ್ಕೆ ಇಳಿಯಿತು. ಅದಕ್ಕಿಂತ ಕೆಳಗೆ ಆ ಯಂತ್ರ ಇಳಿಯುವಂತಿರಲಿಲ್ಲ.

ಅವಳು ಆಡಿದಳು. ಅಳಿಲು ಸಲೀಸಾಗಿ ದಾಟಿತು.

ಅಣ್ಣನದು ಬಿತ್ತು. "ಇನ್ನೂ ಎಲ್ಲೋ ಹಿಡ್ಕೊಂಡಿದೆ ನೋಡು, ಡಾಕ್ಟ್ರಮ್ಮ."

ಅವನು ಮನೆಗೆ ಹೋದ ಮೇಲೆ ಅವಳು ಇಬ್ಬರ ಆಟವನ್ನೂ ಹಿಡಿದಿದ್ದ ಅಂದಿನ ವಿಡಿಯೊವನ್ನು ಇನ್ನೊಂದು ಬಗೆಯಲ್ಲಿ ಎಣಿಸಿದಳು. ಈ ಸಲ ಗುಂಡಿಯಿಂದ ಅಳಿಲಿಗಲ್ಲ. ಹಲಗೆ ಅಲುಗಿದ ಗಳಿಗೆಯಿಂದ ಹೆಬ್ಬೆರಳು ಒತ್ತುವವರೆಗೆ. ಅವಳ ಬೆರಳು ಐವತ್ತೈದನೇ ಚಿತ್ರದಲ್ಲಿ ಕೆಳಗಿಳಿದಿತ್ತು. ಅಣ್ಣನದು ತೊಂಬತ್ತೆರಡನೆಯದರಲ್ಲಿ. ಹಲಗೆ ತೊಂಬತ್ತಕ್ಕೇ ಬಿದ್ದುಹೋಗುತ್ತಿತ್ತು. ಮೂರು ಸಲ ಎಣಿಸಿದಳು, ಲೆಕ್ಕ ಕದಲಲಿಲ್ಲ. ಕೆಟ್ಟದ್ದು ಎಲ್ಲಿದೆ ಅಂತ ಅವಳಿಗೆ ಸಿಕ್ಕಿತ್ತು. ಅದು ಅವಳ ಸ್ಕ್ರೂಡ್ರೈವರಿಗೆ ಸಿಗುವ ಜಾಗವಾಗಿರಲಿಲ್ಲ.

ಮರುದಿನ ಅಣ್ಣನಿಗಿಂತ ಮುಂಚೆ ಅತ್ತಿಗೆ ಬಂದಳು, ಬಾಗಿಲಲ್ಲೇ ನಿಂತಳು. "ನಿಮ್ಮಣ್ಣ ಊಟ ಸರಿಯಾಗಿ ಮಾಡ್ತಿಲ್ಲ. ಆ ಅಳಿಲು ಒಂದ್ಸಲ ದಾಟಿಬಿಟ್ರೆ ಸಾಕು ಅಂತಾರೆ. ನಾಚಿಕೆ ಆಗುತ್ತೆ ಹೇಳೋಕೆ, ಹಾಸಿಗೇಲಿ ಬೆರಳು ಆಡಿಸ್ತಾ ಮಲಗಿರ್ತಾರೆ. ಏನಾದ್ರೂ ಮಾಡೇ."

ಡಾಕ್ಟ್ರಮ್ಮ ಮಾಡಿದಳು. ಎಮ್ಯುಲೇಟರಿನ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದಳು. ಆಟ ಎಳೆದರೆ ಅದರ ಸಂಗೀತವೂ ಎಳೆಯುತ್ತದೆ, ಅಣ್ಣನ ಕಿವಿ ಅದನ್ನು ಹಿಡಿದುಬಿಡುತ್ತದೆ. ಆದ್ದರಿಂದ ಸ್ಪೀಕರಿನ ತಂತಿ ಬಿಡಿಸಿ, "ಸ್ಪೀಕರ್ ಹೋಗಿದೆ, ಹೊಸದು ಬರಬೇಕು" ಅಂದಳು.

ನಾಲ್ಕನೇ ಯತ್ನಕ್ಕೆ ಅಳಿಲು ದಾಟಿತು. ಅಣ್ಣ ಸ್ಟೂಲಿಂದ ಎದ್ದ ರಭಸಕ್ಕೆ ಸ್ಕ್ರೂಗಳ ಹಾಳೆ ನೆಲಕ್ಕೆ ಬಿತ್ತು. "ನೋಡಿದ್ಯಾ? ನಾನು ಹೇಳಿರ್ಲಿಲ್ವಾ, ಡಬ್ಬದ್ದೇ ತಪ್ಪು ಅಂತ!" ಅವಳು ಬಗ್ಗಿ ಸ್ಕ್ರೂ ಹೆಕ್ಕಿದಳು. ಮುಖ ಮುಚ್ಚಿಕೊಳ್ಳಲು ಅದೊಂದು ಒಳ್ಳೆಯ ನೆಪವಾಯಿತು.

ಅವನು ಸಂತೋಷವಾಗಿರಲಿ ಅಂತಷ್ಟೇ ಅವಳು ಬಯಸಿದ್ದು. ಎರಡು ದಿನ ಕಳೆದ ಮೇಲೆ, ದಾಟಿದ ಅಳಿಲನ್ನು ಮತ್ತೆ ಮತ್ತೆ ದಾಟಿಸುತ್ತಾ ಅವನು ಸುಮ್ಮನೆ ಅಂದ: "ನಾಡಿದ್ದು ಕೆಲಸಕ್ಕೆ ಹತ್ತುತ್ತೀನಿ."

"ಪರೀಕ್ಷೆ ಮಾಡಲ್ವಾ ಯಾರ್ಡಿನವರು?"

"ಮಾಡ್ಬೇಕು ಅಂತ ಕಾಗದದಲ್ಲಿದೆ. ಸೂಪರ್‌ವೈಸರ್ ನನ್ನ ಜೊತೆಗೇ ಸೇರಿದೋನು. ಕೈ ಸರಿಯಾಗಿದೆ ಅಂತ ನೀನೊಂದು ಮಾತು ಹೇಳು, ನಾನು ಸಹಿ ಹಾಕ್ತೀನಿ ಅಂದ. ಹೇಳ್ಬಿಟ್ಟೆ."

ಯಾರ್ಡನ್ನು ಅವಳು ನೋಡಿದ್ದಳು. ಇಳಿಯುವ ಕಟ್ಟಿನ ಕೆಳಗೆ ಯಾವಾಗಲೂ ಇಬ್ಬರು ನಿಂತಿರುತ್ತಾರೆ, ಕೊನೆಯ ಗಳಿಗೆಯಲ್ಲಿ ಕೈಯಿಂದ ತಳ್ಳಿ ಜಾಗಕ್ಕೆ ಕೂರಿಸಲು. ಮೇಲಿನವನ ಬೆರಳನ್ನು ನಂಬಿ ಅವರು ತಲೆಯೆತ್ತಿಯೂ ನೋಡುವುದಿಲ್ಲ.

"ಕೊಡು ಇಲ್ಲಿ," ಅಂದಳು. "ಸ್ಪೀಕರ್ ಸರಿ ಮಾಡ್ತೀನಿ."

"ಹೊಸದು ಬಂತಾ?"

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಹಿಂಬದಿ ಬಿಚ್ಚಿ, ಹಳೇ ಸ್ಪೀಕರಿಗೇ ಹಳೇ ತಂತಿ ಬೆಸೆದಳು. ಅಣ್ಣ ನೋಡುತ್ತಲೇ ಇದ್ದ. ಮುಚ್ಚಿ ಅವನ ಕೈಗಿಟ್ಟಳು. ಮೂರನೇ ಹಂತದ ಸಂಗೀತ ಶುರುವಾಯಿತು, ಕೆಸರಿನಲ್ಲಿ ಕಾಲು ಎಳೆಯುವವರ ಹಾಗೆ. ಅಳಿಲು ಒಂದನೇ ಹಲಗೆ ಏರಿತು, ಎರಡನೆಯದು ಏರಿತು. ಅಣ್ಣ ಜಿಗಿಸಲಿಲ್ಲ. ಅಳಿಲನ್ನು ಬೀಳಲು ಬಿಟ್ಟ.

"ಎಷ್ಟಕ್ಕಿಟ್ಟಿದ್ದೀಯ?"

"ಎಂಬತ್ತು."

"ನೂರಕ್ಕಿಡು."

ಇಟ್ಟಳು. ಅವನು ಎಂಟು ಸಲ ಆಡಿದ. ಎಂಟು ಸಲವೂ ಆರನೇ ಹಲಗೆಯಲ್ಲೇ ಬಿತ್ತು.

"ನನ್ನನ್ನ ಮಗು ಅಂದ್ಕೊಂಡ್ಯಾ?" ಅಂದ, ದನಿ ಏರಿಸದೆ. "ಗೊತ್ತಿಲ್ದೇ ಇರೋ ಗಿರಾಕಿಗೂ ನೀನು ಹೀಗೆ ಮಾಡಲ್ಲ."

"ಅತ್ತಿಗೆ ಹೇಳಿದ್ಲು, ಊಟ ಮಾಡ್ತಿಲ್ಲ ಅಂತ…"

"ಊಟಕ್ಕೋಸ್ಕರ ಇಬ್ಬರ ತಲೆ ಮೇಲೆ ಕಂಬಿ ಹಾಕಿಸ್ತಿದ್ದೆ ನೀನು."

ಅವಳು ಬೆಸುಗೆ ಕಡ್ಡಿಯ ವೈರ್ ಕಿತ್ತಳು, ಮತ್ತೆ ಚುಚ್ಚಿದಳು. ಅಣ್ಣ ಎಡಗೈಯಿಂದ ಫೋನ್ ತೆಗೆದ. ಆ ಕಡೆಯಿಂದ ಸೂಪರ್‌ವೈಸರನ ನಗು ಅಂಗಡಿಯ ತುಂಬ ಕೇಳಿತು. "ಏನಪ್ಪಾ ಯಜಮಾನ, ಕುರ್ಚಿ ಒರೆಸಿ ಇಡ್ಲಾ?"

"ಸಹಿ ಹಾಕ್ಬೇಡ ಕಣೋ. ಮೊದಲು ಪರೀಕ್ಷೆ ಮಾಡು. ನೆಲದ ಮೇಲೆ ಗೆರೆ ಎಳಿ. ಕೆಳಗೆ ಯಾರೂ ಇರ್ಬಾರದು."

"ಅಯ್ಯೋ, ನಿನಗೆ ಪರೀಕ್ಷೆನಾ? ತಮಾಷೆ ಮಾಡ್ತೀಯಾ?"

"ಯಾರೂ ಇರ್ಬಾರದು ಅಂದೆ," ಅಂತ ಅಣ್ಣ ಫೋನ್ ಇಟ್ಟ. ತಂಗಿಯ ಕಡೆ ನೋಡದೆ ಹೊರಟುಹೋದ.

ಪರೀಕ್ಷೆಯ ದಿನ ಅವಳು ಅಂಗಡಿಗೆ ಬೀಗ ಹಾಕಿ ಯಾರ್ಡಿನ ಗೇಟಿನ ಬಳಿ ನಿಂತಳು. ಒಳಗೆ ಬಿಡಲಿಲ್ಲ. ಸರಳುಗಳ ನಡುವಿನಿಂದ ಕೊಕ್ಕೆ ಕಾಣುತ್ತಿತ್ತು, ಅದರ ಕೆಳಗೆ ಮರಳು ತುಂಬಿದ ಒಂದು ಡ್ರಮ್ಮು, ಖಾಲಿ ನೆಲ, ಸುಣ್ಣದ ಗೆರೆ. ಡ್ರಮ್ಮು ಚೆನ್ನಾಗಿಯೇ ಸಾಗಿತು. ಗೆರೆಯ ಮೇಲೆ ಬಂದಾಗ ನಿಲ್ಲಬೇಕಿತ್ತು. ಒಂದು ಮೊಳ ಮುಂದೆ ಹೋಗಿ ನಿಂತಿತು. ಮತ್ತೆ ಹಿಂದಕ್ಕೆ ತಂದರು. ಮತ್ತೆ ಒಂದು ಮೊಳ. ಮೂರನೇ ಸಲ ಅರ್ಧ ಮೊಳ, ಅದರ ಜೊತೆಗೆ ದೊಡ್ಡ ತೂಗಾಟ. ಸೂಪರ್‌ವೈಸರ್ ಇನ್ನೊಂದು ಸಲ ಅಂತ ಕೈ ಎತ್ತಿದ. ಕ್ರೇನಿನ ಬಾಗಿಲು ಆಗಲೇ ತೆರೆದಿತ್ತು.

ಅಣ್ಣ ಏಣಿಯ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಇಳಿದ. ಕೀಲಿಯನ್ನು ಸೂಪರ್‌ವೈಸರನ ಕೈಗೆ ಕೊಟ್ಟ. ಅವನು ತಗೊಳ್ಳಲು ಹಿಂದೆಮುಂದೆ ನೋಡಿದಾಗ ಅವನ ಜೇಬಿಗೇ ಹಾಕಿದ.

ಗೇಟಿನ ಹೊರಗೆ ಬಂದು ತಂಗಿಯನ್ನು ನೋಡಿ ನಿಂತ.

"ಎಷ್ಟು ಚಿತ್ರ ತಡ ಆಯ್ತು? ಎಣಿಸಿದ್ಯಾ?"

"ಇಲ್ಲ. ಫೋನ್ ಹೊರಗೇ ತೆಗೀಲಿಲ್ಲ."

"ಎಣಿಸ್ಬೇಕಿತ್ತು," ಅಂದ. ಬಲಗೈಯನ್ನು ಜೇಬಿಗೆ ಇಳಿಸಿ ಬಸ್ ಸ್ಟಾಪಿನ ಕಡೆ ನಡೆದ. ಅವಳು ಹತ್ತು ಹೆಜ್ಜೆ ಹಿಂದೆ ನಡೆದಳು. ಜೇಬಿನೊಳಗೆ ಹೆಬ್ಬೆರಳು ಏಳುತ್ತಾ ಬೀಳುತ್ತಾ ಇದ್ದದ್ದು ಬಟ್ಟೆಯ ಮೇಲೆ ಕಾಣುತ್ತಿತ್ತು.