ತುಳಿಯಬಾರದ ಲೆಕ್ಕ

ಹೋದ ವಾರ ನಮ್ಮ ಮನೆಗೆ ಟೈಲ್ಸ್ ಹಾಕುವವನು ಬಂದಿದ್ದ. ಪಡಸಾಲೆಯ ಹಳೇ ಫರಸಿ ಕಲ್ಲುಗಳ ಮೇಲೆ ಬಳಪದಿಂದ ಅಳತೆ ಬರೆದಿಟ್ಟು ಬಾಗಿಲ ಕಡೆ ಹೋದ. ನಾನು ನೀರು ಕುಡಿಯಲು ಅಡುಗೆಮನೆಗೆ ಹೊರಟವಳು. ಆ ಬರಹದ ಹತ್ತಿರ ಬರುತ್ತಲೇ ಕಾಲು ತಾನೇ ಮೇಲೆದ್ದು, ಅದನ್ನು ದಾಟಿ ಆಚೆ ಬಿತ್ತು. ಮೊಣಕಾಲು ಹಿಡಿದುಕೊಂಡ ಮುದುಕಿ ಕುಪ್ಪಳಿಸಿದ್ದನ್ನು ಅವನು ನೋಡಿಬಿಟ್ಟ.

“ಯಾಕ ಆಯಿ, ಹಿಂಗ ಜಿಗದಿ? ಫರಸಿ ಸುಡ್ಲಿಕತ್ತದೇನು?”

ಅವನಿಗೆ ನಾನು ಹೇಳಲಿಲ್ಲ, ಅವನಿಗೆ ಕೆಲಸವಿತ್ತು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಶಹಾಬಾದದಲ್ಲಿ ಮನೆ ಅಂದರೆ ಕಲ್ಲು. ಗೋಡೆಗೆ ಕಲ್ಲು, ನೆಲಕ್ಕೆ ಕಲ್ಲು, ಬಚ್ಚಲಿಗೂ ಕಲ್ಲು. ನಮ್ಮ ಮನೆಯವರು ಕಲ್ಲಿನ ಖಣಿಯಲ್ಲಿ ಮೇಸ್ತ್ರಿ. ಪಡಸಾಲೆಯ ಫರಸಿಗಳನ್ನು ಅವರೇ ಒಂದೊಂದಾಗಿ ಆರಿಸಿ ತಂದಿದ್ದರು. ಸೋಮವಾರಕ್ಕೊಮ್ಮೆ ನಾನು ಅವನ್ನು ತಿಕ್ಕಿ ತೊಳೆದರೆ ನೀಲಿ ಬಣ್ಣ ಎದ್ದು ಬರುತ್ತಿತ್ತು. ಬಂದವರು ಮಗನನ್ನು ಹೊಗಳಿದರೆ ಸುಮ್ಮನಿರುತ್ತಿದ್ದೆ, ನೆಲವನ್ನು ಹೊಗಳಿದರೆ ಇನ್ನೊಂದು ಕಪ್ ಚಹಾ ಕೊಡುತ್ತಿದ್ದೆ. ಮಗನ ಬಗ್ಗೆ ಹೊಗಳಲು ಹೆಚ್ಚೇನೂ ಇರಲಿಲ್ಲ ಅನ್ನುವುದು ಬೇರೆ ಮಾತು. ಅವನು ವಾಡಿಯಲ್ಲಿ ರೈಲಿನ ಕೆಲಸಕ್ಕೆ ಹೋಗುತ್ತಿದ್ದ, ಬರುತ್ತಿದ್ದ, ಉಣ್ಣುತ್ತಿದ್ದ, ಮಲಗುತ್ತಿದ್ದ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದು ಹೆಸರಾದ ಆಜುಬಾಜಿನಲ್ಲಿ ಅವನ ಮದುವೆಯಾಯಿತು. ಹುಡುಗಿ ಸುಲೇಪೇಟದವಳು, ನೀಲಾ. ಬಿ.ಎಸ್ಸಿ. ಆಗಿದೆ ಎಂದು ಹೇಳಿದ್ದರು. ಮದುವೆಯಾದ ತಿಂಗಳಿಗೆ ತಿಳಿಯಿತು, ಗಣಿತದ್ದೊಂದು ಪೇಪರು ಉಳಿದಿದೆ, ಅದರಲ್ಲಿ ಎರಡು ಸಲ ಫೇಲಾಗಿದ್ದಾಳೆ. ನಾನು ಬಿಡುವ ಪೈಕಿ ಅಲ್ಲ. ಪೂರಾ ಬಿ.ಎಸ್ಸಿ. ಎಂದು ಹೇಳಿ ಮುಕ್ಕಾಲು ಕೊಟ್ಟಿದ್ದಾರೆ ಎಂದು ಬಂದವರಿಗೆಲ್ಲ ಹೇಳಿದೆ. ಅವಳ ಎದುರಿಗೇ ಹೇಳಿದೆ. ಅವಳು ರೊಟ್ಟಿ ದಪ್ಪ ಬಡಿದರೆ, ಇದಕ್ಕೂ ಒಂದು ಪೇಪರು ಉಳಿದಿದೆ ಅನ್ನುತ್ತಿದ್ದೆ. ಅವಳು ಕೇಳಿಸಿಕೊಂಡು ಮುಂದಿನ ರೊಟ್ಟಿ ಬಡಿಯುತ್ತಿದ್ದಳು.

ಆ ವರ್ಷ ಪಾಠಗಳು ಬದಲಾಗುವುದಿತ್ತಂತೆ. ಹಳೇ ಪಾಠ ಓದಿದವರಿಗೆ ಬರುವ ಪರೀಕ್ಷೆಯೇ ಕೊನೆಯದು. ಅದರಲ್ಲೂ ಹೋದರೆ ಡಿಗ್ರಿ ಹಾಗೇ ಮುಕ್ಕಾಲಾಗಿ ಉಳಿಯುವುದು ಖಾತ್ರಿ. ಚಿತ್ತಾಪುರದ ಒಂದು ಸಾಲೆಯವರು ಗಣಿತ ಕಲಿಸುವವರನ್ನು ಹುಡುಕುತ್ತಿದ್ದರು. ಪಾಸಾದ ಕಾಗದ ತೋರಿಸಿದರೆ ನೀಲಾಗೆ ಆ ನೌಕರಿ, ಇಲ್ಲದಿದ್ದರೆ ಜೀವನಪೂರ್ತಿ ನನ್ನ ಜೊತೆ ಅಡುಗೆಮನೆ. ಯಾವುದಕ್ಕೆ ಅವಳು ಹೆಚ್ಚು ಹೆದರಿದ್ದಳೋ ನಾನು ಕೇಳಲಿಲ್ಲ.

ಕಲಬುರ್ಗಿಯ ಕಾಲೇಜಿನ ಪ್ರೊಫೆಸರರು ಅವಳು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಲು ಒಪ್ಪಿದ್ದರು. ವಾರಕ್ಕೆ ಮೂರು ದಿನ ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನ ಬರುತ್ತಿದ್ದಳು. ಬಂದವಳೇ ಉಂಡು, ಸೆರಗು ಸಿಕ್ಕಿಸಿ, ನನ್ನ ಪಡಸಾಲೆಯಲ್ಲಿ ಕೂತು ಫರಸಿಯ ಮೇಲೆ ಬಳಪದಿಂದ ಲೆಕ್ಕ ಶುರು ಮಾಡುತ್ತಿದ್ದಳು. ನೋಟುಬುಕ್ಕಿನಲ್ಲಿ ಸಾಲು ಮುರಿಯುತ್ತದೆ, ಮುರಿದಲ್ಲಿ ತಪ್ಪುತ್ತೇನೆ, ನೆಲದ ಮೇಲಾದರೆ ಒಂದೇ ಸಾಲು ಉದ್ದಕ್ಕೂ ಹೋಗುತ್ತದೆ ಎಂದು ಅವಳ ವಾದ. ಕಂಬದ ಹತ್ತಿರ ಶುರುವಾದ ಲೆಕ್ಕ ಕಲ್ಲಿಂದ ಕಲ್ಲಿಗೆ ದಾಟುತ್ತ ದೇವರ ಜಗಲಿಯ ಮುಂದೆ ಬಂದು ಮುಗಿಯುತ್ತಿತ್ತು. ಕೆಲವು ಮುಗಿಯುತ್ತಿರಲಿಲ್ಲ.

ಈಗ ನಮ್ಮ ಪಾಡು ಕೇಳಿ. ಅಕ್ಷರ ತುಳಿಯಬಾರದು. ಸಣ್ಣವರಿದ್ದಾಗ ಕಾಗದಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ನನಗೆ ಓದು ಬರುವುದು ಬಸ್ಸಿನ ಬೋರ್ಡಿನಷ್ಟು. ಅಷ್ಟು ಕಡಿಮೆ ಬಂದವರಿಗೆ ಅಕ್ಷರದ ಅಂಜಿಕೆ ಜಾಸ್ತಿ. ಹಾಗಾಗಿ ನಾನು ಗೋಡೆ ಹಿಡಿದು ಓಡಾಡಿದೆ. ನಮ್ಮ ಮನೆಯವರು ಖಣಿಯಿಂದ ಬಂದು, ಬೂಟು ಕೈಯಲ್ಲಿ ಹಿಡಿದು, ಖಾಲಿ ಕಲ್ಲು ಹುಡುಕಿ ಹುಡುಕಿ ಕೊಕ್ಕರೆಯ ಹಾಗೆ ಕಾಲಿಡುತ್ತಿದ್ದರು. ಇವು ಅಕ್ಷರ ಅಲ್ಲ, ಅಂಕಿ, ತುಳಿದರೆ ನಡೆಯುತ್ತದೆ ಎಂದು ಒಮ್ಮೆ ತಕರಾರು ತೆಗೆದರು. ನೀಲಾ ತಲೆ ಎತ್ತದೆ, ಎಕ್ಸು ವೈ ಅಕ್ಷರವೇ ಮಾವಾರ ಅಂದಳು. ಎತ್ತಿದ ಕಾಲನ್ನು ಅವರು ಹಾಗೇ ಹಿಂದೆ ತೆಗೆದುಕೊಂಡರು.

ಒರೆಸುವುದಕ್ಕೂ ಒಂದು ಕಟ್ಟಳೆ ಮಾಡಿಕೊಂಡೆವು. ಮುಗಿದ ಲೆಕ್ಕದ ಕೆಳಗೆ ಅವಳು ಎರಡು ಗೆರೆ ಎಳೆಯಬೇಕು, ಎರಡು ಗೆರೆ ಇದ್ದದ್ದನ್ನು ಮಾತ್ರ ನಾನು ಒರೆಸಬೇಕು. ಒರೆಸಿದ ನೀರನ್ನು ಬಚ್ಚಲಿಗೆ ಚೆಲ್ಲದೆ ಹಿತ್ತಲಿನ ಬೇವಿನ ಗಿಡಕ್ಕೆ ಹಾಕುತ್ತಿದ್ದೆ. ಆ ಗಿಡ ಕುಡಿದಷ್ಟು ಗಣಿತವನ್ನು ಶಹಾಬಾದದಲ್ಲಿ ಇನ್ಯಾರೂ ಕುಡಿದಿರಲಿಕ್ಕಿಲ್ಲ.

ಜೋಳ ಹಸನು ಮಾಡುತ್ತ ಕೂತವಳಿಗೆ ಸುಮ್ಮನಿರಲು ಆಗುತ್ತದೆಯೇ? ಕೇಳುತ್ತಿದ್ದೆ. ಒಂದು ದಿನ ಅವಳು ಬಿಸಿನೀರು ಆರುವ ಲೆಕ್ಕ ಮಾಡುತ್ತಿದ್ದಳು. ಹೆಚ್ಚು ಬಿಸಿ ಇದ್ದಾಗ ಬೇಗ ಬೇಗ ಆರುತ್ತದೆ, ಆರುತ್ತ ಬಂದಂತೆ ನಿಧಾನ ಆರುತ್ತದೆ, ಅದಕ್ಕೆ ಡಿಫರೆನ್ಶಿಯಲ್ ಇಕ್ವೇಶನ್ ಎಂದು ಹೆಸರು. ಇಷ್ಟು ಹೇಳಲು ನೀನು ರೈಲು ಹತ್ತಿ ಹೋಗಬೇಕಿತ್ತೇ, ನನ್ನನ್ನು ಕೇಳಿದ್ದರೆ ಬಚ್ಚಲಲ್ಲೇ ಹೇಳುತ್ತಿದ್ದೆ ಅಂದೆ. ನಕ್ಕಳು. ಅವಳು ನಗುವುದನ್ನು ಅವತ್ತು ಮೊದಲ ಸಲ ನೋಡಿದೆ, ಹಲ್ಲು ಸ್ವಲ್ಪ ಮುಂದಿದ್ದವು.

ಅವಳು ಎಡವುತ್ತಿದ್ದದ್ದು ಇನ್ನೊಂದರಲ್ಲಿ. ಅದಕ್ಕೆ ಸಿರೀಸ್ ಅನ್ನುತ್ತಿದ್ದಳು. ಸಾಲಾಗಿ ಕೂಡುತ್ತ ಹೋಗುವುದು, ಎಲ್ಲಾದರೂ ನಿಲ್ಲುತ್ತದೋ ಇಲ್ಲವೋ ಹೇಳುವುದು. ಅರ್ಧ ರೊಟ್ಟಿ, ಅದರ ಅರ್ಧ, ಅದರ ಅರ್ಧ ಎಂದು ಎಷ್ಟು ಕೊಟ್ಟರೂ ಒಂದು ರೊಟ್ಟಿ ದಾಟುವುದಿಲ್ಲ. ಅದು ನನಗೂ ತಿಳಿಯಿತು. ಆದರೆ ಒಂದು ರೊಟ್ಟಿ, ಆಮೇಲೆ ಅರ್ಧ, ಆಮೇಲೆ ಮೂರರಲ್ಲೊಂದು ಪಾಲು, ನಾಲ್ಕರಲ್ಲೊಂದು, ಐದರಲ್ಲೊಂದು, ಹೀಗೆ ಕೊಡುತ್ತ ಹೋದರೆ? ಇದೂ ಎಲ್ಲೋ ನಿಲ್ಲುತ್ತದೆ, ಕೊನೆಕೊನೆಗೆ ಇರುವೆಗೂ ಸಾಲದಷ್ಟು ಚೂರು ಅಂದೆ.

“ಇಲ್ರಿ ಅತ್ತಿ, ಇದು ನಿಂದ್ರಂಗಿಲ್ಲ. ಮೂರರ ಪಾಲು, ನಾಕರ ಪಾಲು ಕೂಡಸ್ರಿ, ಅರ್ಧಕ್ಕಿಂತ ಜಾಸ್ತಿ ಆಗ್ತದ. ಮುಂದಿನ ನಾಕು ಚೂರು ಕೂಡಸ್ರಿ, ಮತ್ತ ಅರ್ಧ ದಾಟ್ತದ. ಅದರ ಮುಂದಿನ ಎಂಟು ಕೂಡಿಸಿದ್ರ ಮತ್ತ ಅರ್ಧ.”

ಮೊರದಲ್ಲಿ ಕಾಳು ಸರಿಸಿ ಸರಿಸಿ ಯೋಚಿಸಿದೆ. ಪ್ರತಿ ಸಲ ಅರ್ಧ ಸಿಗುವುದಾದರೆ ನಿಲ್ಲಿಸುವವರು ಯಾರು? ಚೂರು ಸಣ್ಣದಾಗುತ್ತ ಹೋದರೂ ರಾಶಿ ಬೆಳೆಯುತ್ತಲೇ ಇರುತ್ತದೆ. ಒಪ್ಪಿಕೊಂಡೆ. ಒಪ್ಪಿಕೊಂಡೆ ಎಂದು ಅವಳಿಗೆ ಹೇಳಲಿಲ್ಲ.

ಪರೀಕ್ಷೆಗೆ ವಾರವಿದ್ದಾಗ ಪ್ರೊಫೆಸರರು ಅವಳಿಗೊಂದು ಲೆಕ್ಕ ಕೊಟ್ಟು ಕಳಿಸಿದರು. ಅದರೊಳಗೆ ಎರಡೂ ಇದ್ದವಂತೆ, ಆ ಇಕ್ವೇಶನ್ನೂ ಈ ಸಿರೀಸೂ. ಇದು ಬಂದರೆ ಪೇಪರು ಬಂದ ಹಾಗೆ ಎಂದಿದ್ದರು. ಎರಡು ದಿನ ಅದರ ಮೇಲೇ ಕೂತಳು. ಪಡಸಾಲೆಯ ಅಷ್ಟೂ ಕಲ್ಲು ಬೆಳ್ಳಗಾದವು. ಮೂರನೇ ದಿನ ಮುಂಜಾನೆ, ಎಲ್ಲಿ ತಪ್ಪುತ್ತಿದ್ದೆನೋ ಸಿಕ್ಕಿತು, ಬಂದು ಮುಗಿಸುತ್ತೇನೆ ಎಂದು ಹೇಳಿ ಕ್ಲಾಸಿಗೆ ಹೋದಳು.

ಅವತ್ತೇ ರಾವೂರದಿಂದ ನನ್ನ ಅಕ್ಕ ತನ್ನ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬರುತ್ತೇನೆಂದು ಹೇಳಿ ಕಳಿಸಿದಳು. ಅವರಿಗೆ ಕೊಕ್ಕರೆಯ ಹಾಗೆ ಕಾಲಿಡಲು ಹೇಗೆ ಹೇಳುವುದು? ಏಳೆಂಟು ಮಂದಿ ಬಂದು ಅಕ್ಷರ ತುಳಿದರೆ ಆ ಪಾಪ ಯಾರಿಗೆ, ಬರೆದವಳಿಗೆ ತಾನೇ? ಪರೀಕ್ಷೆ ಹತ್ತಿರ ಇಟ್ಟುಕೊಂಡು ಅದು ಬೇಡ ಅನಿಸಿತು. ಎರಡು ಗೆರೆ ಇಲ್ಲದ್ದು ಕಂಡಿತ್ತು. ಕಂಡೂ ಒರೆಸಿದೆ, ಭಕ್ತಿಯಿಂದಲೇ ಒರೆಸಿದೆ. ನೀರನ್ನು ಬೇವಿಗೆ ಹಾಕಿ ಕೈಮುಗಿದೆ.

ಅಕ್ಕ ಬಂದು ಉಂಡು ನೆಲವನ್ನು ಹೊಗಳಿ ಹೋದಳು. ಮಧ್ಯಾಹ್ನ ನೀಲಾ ಬಂದು ಬಾಗಿಲಲ್ಲೇ ನಿಂತಳು. ಅಳಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದಳು. ನನಗೆ ಅವಳು ಬೈದಿದ್ದರೆ ಸಲೀಸಾಗುತ್ತಿತ್ತು, ಬೈಗುಳಕ್ಕೆ ಬೈಗುಳ ನನ್ನ ಹತ್ತಿರ ಇತ್ತು.

“ತುಳಿಬಾರದಂತ ಅಳಿಸೀನಿ. ಇಷ್ಟ ಸಣ್ಣ ಮಾತಿಗಿ ಮಾರಿ ಯಾಕ ಸಣ್ಣ ಮಾಡ್ತಿ?” ಅಂದೆ. “ಮದಲಿನಂಗ ನಾ ಏನರೆ ಅಂತೀನೇನು ಈಗ?”

“ಇಲ್ರಿ ಅತ್ತಿ. ಭಾಳ ಸಣ್ಣ ಆಗ್ಯಾವ ನಿಮ್ಮ ಮಾತು,” ಅಂದಳು. ಆಮೇಲೆ ಚಪ್ಪಲಿ ಬಿಟ್ಟಳು. “ಕೂಡಿಸ್ಕೋತ ಹೋದ್ರ ಮಾತ್ರ ನಿಂದ್ರವಲ್ಲವು.”

ನಾನು ಅಡುಗೆಮನೆಗೆ ಹೋದೆ. ಹಿಟ್ಟು ತೆಗೆದುಕೊಂಡೆ, ಬಡಿದೆ. ರೊಟ್ಟಿ ದಪ್ಪ ಬಂತು. ಹೊರಗೆ ಬಳಪದ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಗಿ ಮತ್ತೆ ನಿಂತಿತು. ಸಿಕ್ಕ ದಾರಿ ತಪ್ಪಿಹೋಗಿತ್ತು ಅವಳಿಗೆ.

ನೋಡಿ, ಎರಡು ದಿನ ಒಂದು ವಸ್ತುವನ್ನು ತುಳಿಯದೆ ದಾಟಬೇಕೆಂದರೆ ಅದನ್ನು ಕಣ್ಣಿಟ್ಟು ನೋಡಲೇಬೇಕಾಗುತ್ತದೆ. ಆ ಲೆಕ್ಕದ ಅರ್ಥ ನನಗೆ ಗೊತ್ತಿರಲಿಲ್ಲ, ಆದರೆ ಯಾವ ಕಲ್ಲಿನ ಮೇಲೆ ಏನಿತ್ತು ಅನ್ನುವುದು ಗೊತ್ತಿತ್ತು. ಒಲೆಯ ಮುಂದಿಂದ ಏಳದೆಯೇ ಹೇಳಿದೆ. ಕಂಬದ ಹತ್ತಿರದ ಕಲ್ಲಿನಲ್ಲಿ ಉದ್ದ ಕೊಕ್ಕೆ. ಅದರ ಪಕ್ಕದ್ದರಲ್ಲಿ ಮೂರು ಸಾಲು, ನಡುವಿನ ಸಾಲನ್ನು ಕಾಟು ಹೊಡೆದದ್ದು.

“ಜಗಲಿ ಮುಂದಿನ ಕಲ್ಲಿನ್ಯಾಗ ಒಂದು ಅಡ್ಡಗೆರಿ ಇತ್ತು. ಇವತ್ತು ಮುಂಜಾನಿ ನೀ ಅದರ ಮ್ಯಾಲ ನಿಲವುಗೆರಿ ಎಳದು ಕೂಡಸೂ ಗುರ್ತು ಮಾಡಿದ್ದಿ.”

ಬಳಪದ ಸದ್ದು ಮತ್ತೆ ಬಂತು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಜಗಲಿಯ ತನಕ ನಿಲ್ಲದೆ ಹೋಯಿತು. ಕೊನೆಗೆ ಎರಡು ಗೆರೆ ಎಳೆದದ್ದು ಒಳಗೆ ಕೇಳಿಸಿತು. ದಪ್ಪ ರೊಟ್ಟಿ ಇಬ್ಬರೂ ತಿಂದೆವು.

ಪರೀಕ್ಷೆ ಬಂದದ್ದು ಸೋಮವಾರ. ಎರಡು ಗೆರೆ ಇದ್ದರೂ ಅವತ್ತು ನೆಲ ತೊಳೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಅದೊಂದೇ ಸೋಮವಾರ. ನಮ್ಮ ಮನೆಯವರು ನನ್ನ ಮುಖ ನೋಡಿ, ಬೂಟು ಕೈಯಲ್ಲಿ ಹಿಡಿದು, ಹಿತ್ತಲ ಬಾಗಿಲಿಂದ ಕೆಲಸಕ್ಕೆ ಹೋದರು.

ಪಾಸಾದಳು. ಬೇಕಾದಷ್ಟಕ್ಕಿಂತ ನಾಲ್ಕೇ ಮಾರ್ಕು ಜಾಸ್ತಿ. ನಾಲ್ಕು ಜಾಸ್ತಿ ಯಾಕೆ ಬೇಕಿತ್ತು ಎಂದು ನಾನು ಅಂದದ್ದೂ ಹೌದು. ಚಿತ್ತಾಪುರದ ಸಾಲೆಗೆ ಸೇರಿದಳು. ಮೂವತ್ತು ವರ್ಷಕ್ಕೂ ಮೇಲೆ ಬಸ್ಸು ರೈಲು ಹಿಡಿದು ಹೋಗಿಬಂದು ಕಲಿಸಿ, ರಿಟೈರಾಗಿ, ಈಗ ಮನೆಯಲ್ಲೇ ಇದ್ದಾಳೆ. ಕೂದಲು ನನಗಿಂತ ಬೆಳ್ಳಗೆ. ಟೈಲ್ಸ್ ಹಾಕಿಸುತ್ತಿರುವವಳು ಅವಳೇ. ಫರಸಿ ತೆಗೆಸುವುದು ನಿಮಗೆ ಬೇಜಾರೇನು ಎಂದು ಕೇಳಿದ್ದಳು. ಕಲ್ಲಿಗೆ ಬೇಜಾರು ಮಾಡಿಕೊಳ್ಳಲು ನನಗೇನಾಗಿದೆ, ಹೊಸದು ತಿಕ್ಕಲು ಹಗುರ ಅಂದೆ.

ಹೋದ ವಾರ ನಾನು ಕುಪ್ಪಳಿಸಿ ಕಂಬಕ್ಕೆ ಒರಗಿ ಕೂತಿದ್ದಾಗ ಅವಳು ಚಹಾ ತಂದಳು. ಬಳಪದ ಅಳತೆಯ ಹತ್ತಿರ ಬಂದು, ಕಾಲೆತ್ತಿ, ದಾಟಿ ಬಂದಳು. ಟೈಲ್ಸಿನವನು ಅವಳನ್ನೂ ನೋಡಿದ.

ಡಾಕ್ಟರು ಹೇಳಿದ ಮೇಲೆ ನನ್ನ ಚಹಾಕ್ಕೆ ಸಕ್ಕರೆ ಇಲ್ಲ. ಒಂದು ಗುಟುಕು ಕುಡಿದೆ. ಸಪ್ಪೆ ಚಹಾದ ಬಗ್ಗೆ ಒಂದು ಕೊಂಕು ಮಾತು ನಾಲಗೆಯ ತುದಿಗೆ ಬಂತು. ಸಣ್ಣ ಮಾತು, ಇಷ್ಟು ವರ್ಷಗಳಲ್ಲೇ ಎಲ್ಲಕ್ಕಿಂತ ಸಣ್ಣದು, ಇರುವೆಗೂ ಸಾಲದಷ್ಟು.

ಚಹಾದ ಜೊತೆ ಅದನ್ನೂ ಪೂರಾ ಕುಡಿದು, ಬರಹವಿಲ್ಲದ ಕಲ್ಲು ನೋಡಿ ಲೋಟ ಕೆಳಗಿಟ್ಟೆ.