ಓದದೆ ಹಾಕಿದ ಸೈನು

ನಾನು ಪೊಲೀಸರ ಕಾಯಂ ಪಂಚ. ಯಾವ ಠಾಣೆ ಎಂದು ಬರೆಯುವುದಿಲ್ಲ, ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯಬೇಕಲ್ಲ. ತೆರಕಣಾಂಬಿಯ ರಸ್ತೆಯಲ್ಲಿ ನನ್ನದೊಂದು ಟೀ ಅಂಗಡಿ. ಕಳ್ಳತನವೋ ಅಪಘಾತವೋ ಆದರೆ ಪೊಲೀಸರು ಸ್ಥಳಕ್ಕೆ ಹೋಗಿ ಕಂಡದ್ದನ್ನು ಮಹಜರು ಬರೆದು, ಜೊತೆಗಿದ್ದು ನೋಡಿದ ಇಬ್ಬರ ಸಹಿ ಹಾಕಿಸಬೇಕು. ಆ ಇಬ್ಬರೇ ಪಂಚರು. ನಮ್ಮಲ್ಲಿ ಸ್ಥಳಕ್ಕೆ ಹೋಗುವ ಬಾಬತ್ತೇ ಇರಲಿಲ್ಲ. ಪೇದೆ ನನ್ನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದ, ನಾನು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ಸೈನು ಹಾಕುತ್ತಿದ್ದೆ. ಒಂದನ್ನಾದರೂ ಓದಿದ್ದರೆ ಕೇಳಿ! ಅದರಲ್ಲೊಂದು ಜಂಬ ಬೇರೆ. ಠಾಣೆಗೆ ಹೋದರೆ ನನಗೆ ಕುರ್ಚಿ ಕೊಡುತ್ತಿದ್ದರು.

ಅವತ್ತು ಮಧ್ಯಾಹ್ನ ಮೂರರ ಸುಮಾರಿಗೆ ಜೀಪು ಬಂದು ನಿಂತಿತು. ಮುಂದಿನ ದೀಪ ಒಡೆದಿತ್ತು. ಸ್ಟೇರಿಂಗ್ ಹಿಡಿದಿದ್ದವನು ಪೇದೆ. ಪಕ್ಕದಲ್ಲಿ ಠಾಣೆಯ ಇನ್ಸ್‌ಪೆಕ್ಟರ್ ಸಾಹೇಬರು ಕತ್ತು ವಾಲಿಸಿಕೊಂಡು ಕೂತಿದ್ದರು. ಟೀ ಕೊಡಲು ಹೋದರೆ ಗಪ್ಪನೆ ಬ್ರಾಂದಿ ವಾಸನೆ. ಲೋಟ ಹಿಡಿಯಲೂ ಅವರ ಕೈಲಿ ಆಗಲಿಲ್ಲ.

“ಅರವೆ ರೋಡಲ್ಲಿ ಮೊಪೆಡ್‌ಗೆ ತಾಗ್ಬುಡ್ತು ಕಣಣ್ಣ, ಸಾಹೇಬ್ರೇ ಓಡುಸ್ತಿದ್ರು,” ಎಂದ ಪೇದೆ, ದನಿ ತಗ್ಗಿಸಿ. “ಆಳು ಬದ್ಕವ್ನೆ, ಆಂಬುಲೆನ್ಸಲ್ಲಿ ಕಳ್ಸಿದ್ದೀವಿ. ಒಂದ್ ಸೈನಾಕ್ಬುಡು.”

“ಯಾರಂತೆ?”

“ಯಾರೋ ಹೂವಿನವ್ನು.”

ನನ್ನ ತಂಗಿಯ ಗಂಡನೂ ಚೆಂಡು ಹೂ ಸಾಗಿಸುವವನೇ. ಆದರೆ ಅವನ ಓಡಾಟವೆಲ್ಲ ಗುಂಡ್ಲುಪೇಟೆಯ ಸುತ್ತಮುತ್ತ, ಈ ಹರವೆಯ ಕಡೆ ಬರುವವನೇ ಅಲ್ಲ. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಪಾಪ ಅನ್ನುತ್ತಲೇ ಸೈನು ಹಾಕಿದೆ.

ಒಂದು ಗಂಟೆಯೂ ಕಳೆದಿರಲಿಲ್ಲ, ತಂಗಿಯ ಫೋನು ಬಂತು. “ಅಣ್ಣಾ, ಇವ್ರ್ಗೆ ಅರವೆ ತಾವ ಪೊಲೀಸ್ ಜೀಪು ಗುದ್‌ಬುಡ್ತಂತೆ! ಯಾರೋ ಕರುದ್ರು ಅಂತ ಇವತ್ತೇ ಆ ಕಡೆ ಓಗಿದ್ರು ಕಣಣ್ಣಾ!”

ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಚಾಮರಾಜನಗರದ ಆಸ್ಪತ್ರೆಯಲ್ಲಿ ಅವನ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದರು. ಸಾಹೇಬರ ರಕ್ತ ತೆಗೆದದ್ದು ಮಾರನೆಯ ದಿನ. ಅಷ್ಟು ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ, ಮಣ್ಣು! ಜೀಪು ಓಡಿಸುತ್ತಿದ್ದವನು ಪೇದೆ, ಮೊಪೆಡ್ಡೇ ರಾಂಗ್ ಸೈಡಿನಲ್ಲಿ ಬಂತು ಎಂದು ನಾನು ಸೈನು ಹಾಕಿದ ಮಹಜರಿನಲ್ಲಿ ಬರೆದಿತ್ತು. ಕಾಲು ಕಳೆದುಕೊಂಡು ಮಲಗಿದವನ ಮೇಲೆಯೇ ಕೇಸು.

ತಂಗಿ ಸುಮ್ಮನಾಗಲಿಲ್ಲ. ಕಂಡಕಂಡವರಿಗೆ ಅರ್ಜಿ ಕೊಟ್ಟಳು. ಕೊನೆಗೆ ದೊಡ್ಡ ಅಧಿಕಾರಿಯೊಬ್ಬರು ಚಾಮರಾಜನಗರಕ್ಕೆ ವಿಚಾರಣೆಗೆ ಕರೆದರು. ಸಾಹೇಬರು ಕುಡಿದಿದ್ದನ್ನು ನಾನು ಕಂಡೆ ಎಂದು ಅವಳಿಗೆ ಹೇಳಿದ್ದೆ. ಸೈನಿನ ಸುದ್ದಿ ಹೇಳಿರಲಿಲ್ಲ. “ನೀನೊಬ್ನೇ ಕಣಣ್ಣ ನಮ್ಗೆ ದಿಕ್ಕು,” ಎನ್ನುತ್ತ ಅವಳೇ ನನ್ನನ್ನು ಕರೆದುಕೊಂಡು ಹೋದಳು.

“ಕುಡ್ದಿದ್ರು ಸಾರ್, ಕಣ್ಣಾರೆ ಕಂಡೆ,” ಎಂದೆ.

ಅಧಿಕಾರಿ ಮಹಜರನ್ನು ನನ್ನ ಕಡೆ ತಿರುಗಿಸಿದರು. “ಇದು ಯಾರ ಸಹಿ?”

ತಂಗಿ ಬಗ್ಗಿ ನೋಡಿದಳು.

“ನಂದೇ ಸಾರ್. ಓದ್ದೇ ಹಾಕ್ಬುಟ್ಟೆ.”

“ಇದಕ್ಕೆ ಮುಂಚೆ ಹಾಕಿದವು?”

“ಒಂದನ್ನೂ ಓದಿಲ್ಲ ಸಾರ್.” ಆ ಕಾಗದಗಳಿಂದ ಯಾರ್ಯಾರು ಜೈಲಿಗೆ ಹೋದರೋ, ದೇವರೇ ಬಲ್ಲ.

“ಅವತ್ತಿನದು ಸುಳ್ಳೋ, ಇವತ್ತಿನದು ಸುಳ್ಳೋ? ಕಾಲು ಕಳೆದುಕೊಂಡವರು ನಿಮ್ಮ ತಂಗಿ ಗಂಡ ಬೇರೆ. ನಿಮ್ಮ ಮಾತನ್ನು ಯಾರು ನಂಬುತ್ತಾರೆ?” ಎಂದು ಅವರು ಫೈಲು ಮುಚ್ಚಿದರು. ನಾನು ಕಾಲಿಗೆ ಬಿದ್ದೆ, ಗೋಗರೆದೆ. “ಏಳ್ರೀ,” ಎಂದರು ಅಷ್ಟೇ.

ಬಸ್ ಸ್ಟ್ಯಾಂಡಿನವರೆಗೂ ತಂಗಿ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಗುಂಡ್ಲುಪೇಟೆಯ ಬಸ್ಸು ಬಂದ ಮೇಲೆ ತಿರುಗಿದಳು.

“ಸಾಹೇಬ ಕುಡ್ದವ್ನೆ ಅಂತ ಗೊತ್ತಿದ್ದೂ ಸೈನಾಕ್ದ್ಯಾ?”

“ನಮ್ಮವ್ರು ಅಂತ ಗೊತ್ತಿರ್ನಿಲ್ಲ ಕಣಮ್ಮಿ. ಯಾರೋ ಅನ್ಕಂಡೆ.”

“ಯಾರೋ ಅಂದ್ರೆ? ಅವ್ನ್ಗೆ ಎಂಡ್ರು ಮಕ್ಳು ಇರಕಿಲ್ವಾ ಅಣ್ಣಾ?”

ಅವಳು ಬಸ್ಸು ಹತ್ತಿದಳು. ತೆರಕಣಾಂಬಿಗೆ ನಾನೂ ಅದೇ ಬಸ್ಸಿನಲ್ಲಿ ಹೋಗಬೇಕಾದವನು, ಅವಳ ಪಕ್ಕ ಕೂರುವ ಮುಖವಿಲ್ಲದೆ ಕೆಳಗೇ ನಿಂತೆ.