ಸ್ತಾನಾ ಕೂಸು ಬಿಡಲಿಲ್ಲ

ಸ್ತಾನಾ ಎಂದರೆ ‘ನಿಲ್ಲು’ ಎಂದರ್ಥ. ಮನೆಯಲ್ಲಿ ಸಾಲಾಗಿ ನಾಲ್ಕನೆಯ ಹೆಣ್ಣು ಹುಟ್ಟಿದಾಗ, ಇನ್ನಾದರೂ ಹೆಣ್ಣುಗಳು ಬರುವುದು ನಿಲ್ಲಲಿ ಎಂದು ಅವಳಿಗೆ ಆ ಹೆಸರಿಟ್ಟರು. ಇಟ್ಟವನು ಅಪ್ಪನಲ್ಲ. ದ್ರೀನಾ ಹೊಳೆಯ ಮೇಲಿನ ಆ ಗುಡ್ಡದ ಊರುಗಳಲ್ಲಿ ಹೆಸರಿಡುವ ಹಕ್ಕು ಹೆತ್ತವರಿಗಿಲ್ಲ, ಅದು ಕೂಮನದು, ಅಂದರೆ ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿ ಹಿಡಿಯುವ ಧರ್ಮತಂದೆಯದು. ಪ್ರತಿ ಮನೆಗೂ ಅಜ್ಜನ ಕಾಲದಿಂದ ಬಂದ ಒಂದು ಕೂಮನ ಮನೆತನ. ಇಗರ್ಜಿಯಲ್ಲಿ ಪಾದ್ರಿ ಕೇಳಿದಾಗ ಕೂಮನ ಬಾಯಿಂದ ಏನು ಬರುತ್ತದೋ ಅದೇ ಹೆಸರು. ಅಲ್ಲಿಯವರೆಗೆ ಹೆತ್ತ ತಾಯಿಗೂ ಗೊತ್ತಿರುವುದಿಲ್ಲ, ಅವಳು ಕೇಳುವಂತೆಯೂ ಇಲ್ಲ.

ಸರಿ, ಹೆಣ್ಣು ಹುಟ್ಟುವುದು ನಿಂತಿತೇ? ಎಲ್ಲಿಯ ಮಾತು! ಸ್ತಾನಾಳ ಬೆನ್ನಿಗೇ ಇನ್ನೊಂದು ಹುಟ್ಟಿತು. ಆಗ ಬೈಗುಳ ಯಾರಿಗೆ? ಹೆಸರಿಟ್ಟ ಕೂಮನಿಗಲ್ಲ, ಇನ್ನೂ ಸರಿಯಾಗಿ ನಡೆಯಲು ಬಾರದ ಸ್ತಾನಾಳಿಗೆ.

“ಒಂದೇ ಒಂದು ಕೆಲಸ ಹೇಳಿದ್ವಿ, ಅದೂ ಕೈಲಾಗಲಿಲ್ಲ ಇದಕ್ಕೆ,” ಎಂದು ಅಪ್ಪ ಬಂದವರೆದುರು ಹೇಳಿಕೊಂಡು ನಗುತ್ತಿದ್ದ. ಅವಳಿಗೆ ಬುದ್ಧಿ ಬಂದ ಮೇಲೂ ಹೇಳಿದ, ಅವಳು ರೊಟ್ಟಿ ಬಡಿಸುತ್ತಿರುವಾಗಲೂ ಹೇಳಿದ. ಆಮೇಲೆ ತಮ್ಮ ರಾಡಿಸಾವ್ ಹುಟ್ಟಿದ. ಅಂಗಳದಲ್ಲಿ ಬಂದೂಕು ಹಾರಿಸಿದರು, ಕುರಿ ಕಡಿದರು. ಆ ಪುಣ್ಯವನ್ನಾದರೂ ಸ್ತಾನಾಳ ಪಾಲಿಗೆ ಹಾಕಿದರೇ? ಅದೂ ಇಲ್ಲ.

ಹೆಸರು ಮದುವೆಗೂ ಅಡ್ಡ ಬಂತು. ಹೆಣ್ಣು ನೋಡಲು ಬಂದವರು “ಹೆಸರೇನಮ್ಮ?” ಎನ್ನುವರು. ಅವಳು ಹೇಳುವಳು. ಕೂಡಲೇ ಅವಳ ತಾಯಿಯ ಹೆರಿಗೆಗಳೆಲ್ಲ ಅವರ ಕಣ್ಣಮುಂದೆ ಸಾಲುಗಟ್ಟುತ್ತಿದ್ದವು. ಇವಳೂ ಹೆಣ್ಣೇ ಹೆತ್ತರೆ? ಪ್ಲಮ್ ಸಾರಾಯಿ ಕುಡಿದು, ರೊಟ್ಟಿಗೆ ಕೆನೆ ಹಚ್ಚಿಕೊಂಡು ತಿಂದು, ಮೀಸೆ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಅದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕಂದಿರು ಗುಲಾಬಿ, ಹಣ್ಣು ಅಂತ ಅರ್ಥ ಬರುವ ಹೆಸರು ಹೊತ್ತು ಸುಖವಾಗಿ ಗಂಡನ ಮನೆ ಸೇರಿದರು. ಸ್ತಾನಾ ಮಾತ್ರ ತನ್ನ ಹೆಸರು ಹೇಳಿದಂತೆ ತವರಿನಲ್ಲೇ ನಿಂತುಬಿಟ್ಟಳು. ತಮ್ಮನ ಹಸು ಕರೆದಳು, ತಮ್ಮನ ಉಣ್ಣೆ ನೂತಳು, ತಮ್ಮನ ಮಗನನ್ನು ಸಾಕಿದಳು, ಅವನಿಗೆ ಸವೇತಾ ಎಂಬ ಹುಡುಗಿಯನ್ನು ತಂದಳು.

ಈಗ ಆ ಸವೇತಾ ಮೂರನೆಯ ಹೆಣ್ಣು ಹೆತ್ತಿದ್ದಳು. ಬಂದೂಕು ಹಾರಲಿಲ್ಲ ಎಂದು ಬೇರೆ ಹೇಳಬೇಕೇ?

ಸ್ತಾನಾಳಿಗೆ ಒಂದು ಧೈರ್ಯವಿತ್ತು. ಮನೆಯಲ್ಲಿ ಬದುಕಿರುವವರ ಹೆಸರನ್ನು ಕೂಸಿಗಿಟ್ಟರೆ ಇಬ್ಬರಲ್ಲಿ ಒಬ್ಬರು ಬೇಗ ಹೋಗುತ್ತಾರೆ ಎಂದು ಆ ಸೀಮೆಯವರೆಲ್ಲ ಹೆದರುತ್ತಾರೆ. “ನಾನಿರೋ ತನಕ ಈ ಶನಿ ಯಾರಿಗೂ ಅಂಟಲ್ಲ ಕಣೆ,” ಎಂದು ಸವೇತಾಳಿಗೆ ಹೇಳಿದ್ದಳು. ತಾನು ಇಷ್ಟು ದಿನ ಬದುಕಿದ್ದಕ್ಕೆ ಅದೊಂದೇ ಲಾಭ ಎಂದುಕೊಂಡಿದ್ದಳು.

ದೀಕ್ಷಾಸ್ನಾನದ ಬೆಳಿಗ್ಗೆ ಕೂಮ ವಿತೊಮಿರ್ ಬಂದ. ಸ್ತಾನಾಳಿಗೆ ಹೆಸರಿಟ್ಟವನ ಮಗನೇ ಈತ. ಕೆಟ್ಟವನಲ್ಲ, ಅದೇ ಕಷ್ಟ, ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಎರಡು ಲೋಟ ಒಳಗೆ ಹೋದದ್ದೇ ಗುಟ್ಟು ಹೊರಗೆ ಬಂತು.

“ರಾಡಿಸಾವ್, ಮುಖ ಯಾಕೆ ಸಣ್ಣ ಮಾಡ್ಕೊಂಡಿದೀಯ? ನಮ್ಮಪ್ಪ ಬಾಗಿಲಿಗೆ ಬರೀ ಚಿಲಕ ಹಾಕಿದ್ದ. ನಾನು ಬೀಗಾನೇ ಜಡೀತೀನಿ ನೋಡು. ‘ದೋಸ್ತಾ’ ಅಂತ ಇಡ್ತೀನಿ!”

ದೋಸ್ತಾ ಎಂದರೆ ‘ಸಾಕು’. ಮೇಜಿನ ಸುತ್ತ ಕೂತ ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಲ್ಲಿ ಹಾಲೂಡುತ್ತಿದ್ದ ಸವೇತಾ ಮಾತ್ರ ತಲೆ ಎತ್ತಲಿಲ್ಲ.

“ಅತ್ತೆ, ಏನಾದ್ರೂ ಮಾಡಿ,” ಎಂದಳು, ಸ್ತಾನಾಳಿಗಷ್ಟೇ ಕೇಳುವಂತೆ.

ಏನು ಮಾಡುವುದು? ಕೂಮನಿಗೆ ಎದುರಾಡಿದವರು ಆ ಊರಲ್ಲಿ ಯಾರೂ ಇಲ್ಲ. ಆದರೆ ಇಗರ್ಜಿಗೆ ಹೊರಡುವಾಗ ಮನೆಯ ಹಿರಿಯ ಹೆಂಗಸೇ ಕೂಸನ್ನು ಹೊಸ್ತಿಲ ಮೇಲಿಂದ ಕೂಮನ ಕೈಗೆ ದಾಟಿಸಬೇಕು. ಸ್ತಾನಾ ಒಳಗೆ ನಿಂತಳು. ಹೊರಗೆ ವಿತೊಮಿರ್ ಕೈ ಚಾಚಿದ. ಅವಳು ಕೊಡಲಿಲ್ಲ.

“ಕೊಡಕ್ಕ, ಪಾದ್ರಿ ಕಾಯ್ತಿದ್ದಾರೆ.”

“ಕಾಯ್ಲಿ. ಮೊದ್ಲು ಇದಕ್ಕೆ ಉತ್ತರ ಹೇಳು. ಮನೆದೇವರ ಹಬ್ಬಕ್ಕೆ ನೀನು ಬಂದು ಕೂತಾಗ, ನೀನು ಒಂದು ತುತ್ತು ಎತ್ತಿದ ಕೂಡ್ಲೇ ನಾನು ‘ಸಾಕು’ ಅಂತ ತಟ್ಟೆ ಎಳ್ಕೊಂಡ್ರೆ ಹೇಗಿರುತ್ತೆ?”

“ಛೆ, ಛೆ! ಕೂಮನಿಗೆ ಯಾರಾದ್ರೂ ಹಾಗಂತಾರಾ?”

“ಒಂದು ತುತ್ತಿಗೆ ನಿನಗೆ ಅಷ್ಟು ಅವಮಾನ. ಈ ಕೂಸಿಗೆ ಸಾಯೋ ತನಕ ದಿನಾ ಅದನ್ನೇ ಅನ್ನಬೇಕಾ? ಊಟಕ್ಕೆ ಕರೆಯೋವಾಗ್ಲೂ ‘ಸಾಕು’, ಮುದ್ದು ಮಾಡೋವಾಗ್ಲೂ ‘ಸಾಕು’?”

“ಅಕ್ಕಾ, ಬಾಯ್ಮುಚ್ಚು! ಮರ್ಯಾದೆ ತೆಗೀತಿದೀಯ,” ಎಂದು ರಾಡಿಸಾವ್ ಹಿಂದಿನಿಂದ ಕೂಗಿದ.

“ನೀನು ಮುಚ್ಚು! ನಿನಗೆ ಬಂದೂಕು ಹಾರಿಸಿದಾರೆ, ನಿನಗೇನು ಗೊತ್ತು? ನನ್ನನ್ನ ಒಬ್ಬರಾದ್ರೂ ಬಾ ಅಂತ ಕರೆದಿದ್ದಾರಾ? ಕರೆದವರೆಲ್ಲ ನಿಲ್ಲು ಅಂತಾನೇ ಕರೆದ್ರು!”

ವಿತೊಮಿರ್‌ನ ಮುಖ ಕೆಂಪೇರಿತು. ಚಾಚಿದ ಕೈಯನ್ನು ಆತ ಹಿಂದಕ್ಕೂ ತೆಗೆಯಲಿಲ್ಲ, ಬೇರೆ ಹೆಸರಿಡುವ ಮಾತೂ ಕೊಡಲಿಲ್ಲ. ಕೊನೆಗೆ ಕೂಸೇ ಅಳಲು ಶುರುಮಾಡಿದ್ದರಿಂದ ಸ್ತಾನಾ ಕೊಟ್ಟಳು, ಕೊಟ್ಟು ಅವನ ಹಿಂದೆಯೇ ಇಗರ್ಜಿಗೆ ನಡೆದಳು.

ಪಾದ್ರಿ ಹೆಸರು ಕೇಳಿದರು. ವಿತೊಮಿರ್ ಗಂಟಲು ಸರಿಮಾಡಿಕೊಂಡ. ಒಮ್ಮೆ ತಿರುಗಿ ಸ್ತಾನಾಳನ್ನು ನೋಡಿದ.

“ಮಿಲಿಯಾನಾ,” ಎಂದ.

ಮುದ್ದಿನವಳು ಎಂದರ್ಥ. ಪಾದ್ರಿ ಕೂಸನ್ನು ನೀರಿಗಿಳಿಸಿದರು, ಅಲ್ಲಿಗೆ ಮುಗಿಯಿತು. ಸ್ತಾನಾ ಖುಷಿಪಡಬೇಕಿತ್ತು, ಪಟ್ಟಳು ಕೂಡ. ಆದರೆ ಹೊರಗೆ ಬರುವಷ್ಟರಲ್ಲಿ ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

“ಈಗ ಸಮಾಧಾನ ಆಯ್ತೇನಕ್ಕ?” ಎಂದ ವಿತೊಮಿರ್.

“ಆ ಹೆಸರು ಹುಡುಕೋಕೆ ನಿನಗೆ ಎಷ್ಟು ಹೊತ್ತು ಹಿಡೀತು?”

“ಹುಡುಕೋದೇನು ಬಂತು? ಬಾಯಿಗೆ ಬಂತು, ಹೇಳ್ದೆ.”

“ಅಷ್ಟೇನಾ? ಅಷ್ಟು ಸುಲಭಾನಾ? ಮತ್ತೆ ನಿಮ್ಮಪ್ಪನ ಬಾಯಿಗೆ ಯಾಕೆ ಬರ್ಲಿಲ್ಲ?”

ವಿತೊಮಿರ್ ಕೂಸನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡ. ಆಮೇಲೆ ಮೆಲ್ಲಗೆ, “ಹಕ್ಕು ಈಗ ನನ್ನದೇ. ನಿನಗೂ ಬೇರೆ ಹೆಸರು ಇಡ್ಲಾ ಅಕ್ಕ?” ಎಂದ.

“ಈಗ ಇಟ್ಟು? ಆ ಹೆಸರಲ್ಲಿ ನನ್ನನ್ನ ಕರೆಯಬೇಕಾಗಿದ್ದವಳು ನಮ್ಮಮ್ಮ. ಅವಳಿಲ್ಲ.”

ಅವಳು ಅವನ ಕೈಯಿಂದ ಕೂಸನ್ನು ತೆಗೆದುಕೊಂಡಳು, ಶಾಲು ಸರಿಮಾಡಿದಳು. ಮನೆಯ ಗೇಟಿನ ಬಳಿಯಿಂದಲೇ, ಇಗರ್ಜಿಗೆ ಬರುವಂತಿಲ್ಲದೆ ಒಳಗೆ ಬಾಗಿಲ ಹಿಂದೆ ಕಾಯುತ್ತಿದ್ದ ಬಾಣಂತಿ ಸವೇತಾಳಿಗೆ ಕೇಳಿಸುವಂತೆ, ಕೂಸಿನ ಹೆಸರು ಹಿಡಿದು ಗಟ್ಟಿಯಾಗಿ ಕರೆದಳು.